ಹನ್ನೊಂದನೇ ಕಟ್ಟೆಯ ಜಲವಸತಿ ಯೋಜನೆ

ಈ ವರ್ಷ ಮೀನು ಹಿಡಿದೇ ತೀರುತ್ತೇನೆ ಎಂದು ನಾನು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಹಲ್ಲುಜ್ಜುತ್ತ. ಬಾಯಿತುಂಬ ನೊರೆ ಇದ್ದುದರಿಂದ ಘೋಷಣೆಗೆ ಸಿಗಬೇಕಾದ ಗಾಂಭೀರ್ಯ ಸಿಗಲಿಲ್ಲ. ಹೆಂಡತಿ ಅಡುಗೆಮನೆಯಿಂದಲೇ ಏನೆಂದು ಕೇಳಿದಳು. ಉಗಿದು, ಮುಖ ಒರೆಸಿಕೊಂಡು, ನಡುಮನೆಯ ಮಧ್ಯದಲ್ಲಿ ನಿಂತು ಮತ್ತೊಮ್ಮೆ ಘೋಷಿಸಿದೆ. ಬರೀ ಹಿಡಿಯುವುದಲ್ಲ. ಹಿಡಿದು, ತೂಗಿಸಿ, ಸಂಘದ ಪುಸ್ತಕದಲ್ಲಿ ಬರೆಸಿ, ಅದರ ಕೆಳಗೆ ನನ್ನ ಷಡ್ಡಕನ ಕೈಯಿಂದಲೇ ರುಜು ಹಾಕಿಸುತ್ತೇನೆ!

"ಹೋದ ವರ್ಷಾನೂ ಇದನ್ನೇ ಹೇಳಿದ್ರಿ" ಎಂದಳು. "ಆಗ ಬಾಯಲ್ಲಿ ಪೇಸ್ಟ್ ಇರ್ಲಿಲ್ಲ, ಅಷ್ಟೇ."

ನನ್ನ ಹೆಂಡತಿ ಶಾಲೆಯಲ್ಲಿ ವ್ಯಾಯಾಮದ ಟೀಚರು. ಮಕ್ಕಳಿಗೆ ಓಟ, ಈಜು ಕಲಿಸುತ್ತಾಳೆ. ಕಡಿಮೆ ಮಾತು, ಹೆಚ್ಚು ಸೀಟಿ. ನಾನು ಕಟ್ಟಡ ಗುತ್ತಿಗೆದಾರರೊಬ್ಬರ ಕಚೇರಿಯಲ್ಲಿ ನಕ್ಷೆ ಬರೆಯುವವನು. ಇಪ್ಪತ್ತೆರಡು ವರ್ಷದಿಂದ ಬೇರೆಯವರ ಮನೆಗೆ ಗೆರೆ ಎಳೆದು ಎಳೆದು ನನ್ನ ಬೆನ್ನೇ ಒಂದು ಕಮಾನಾಗಿದೆ. ನಾನು ಈಜುವುದಿಲ್ಲ. ಓಡುವುದೂ ಇಲ್ಲ, ಬಸ್ಸು ಹೊರಟಾಗಿನ ಮಾತು ಬೇರೆ.

ಇನ್ನು ಷಡ್ಡಕ. ಹೆಂಡತಿಯ ಅಕ್ಕನ ಗಂಡ. ವೃತ್ತಿಯಿಂದ ಹಲ್ಲಿನ ಡಾಕ್ಟರು, ಪ್ರವೃತ್ತಿಯಿಂದ ಕೆರೆಯ ಗಾಳದವರ ಸಂಘದ ಕಾರ್ಯದರ್ಶಿ. ಅವರು ಮೀನು ಹಿಡಿಯುವುದನ್ನು ನೀವು ನೋಡಬೇಕು. ಗಾಳವನ್ನು ನೀರಿಗೆ ಬಿಡುತ್ತಾರೆ, ಎರಡು ನಿಮಿಷ ಏನನ್ನೋ ಗುನುಗುತ್ತಾರೆ, ಮಣಿಕಟ್ಟನ್ನು ಒಂದಿಷ್ಟು ತಿರುಗಿಸಿ ಮೇಲಕ್ಕೆತ್ತುತ್ತಾರೆ, ಮೀನು ಬಂದಿರುತ್ತದೆ. ಕ್ಲಿನಿಕ್ಕಿನಲ್ಲಿ ದವಡೆ ಹಲ್ಲು ಕೀಳುವುದೂ ಹೀಗೆಯೇ. ಮೀನಿಗೆ ಇಂಜೆಕ್ಷನ್ ಕೊಡುವುದಿಲ್ಲ, ವ್ಯತ್ಯಾಸ ಅಷ್ಟೇ.

ನಮ್ಮ ಕೆರೆಯ ಒಂದು ದಡದಲ್ಲಿ ಆರು, ಎದುರು ದಡದಲ್ಲಿ ಆರು, ಒಟ್ಟು ಹನ್ನೆರಡು ಕಲ್ಲುಕಟ್ಟೆಗಳಿವೆ. ಸಂಘದ ಸದಸ್ಯರಿಗೆ ಚೀಟಿ ಎತ್ತಿ ಒಂದೊಂದು ಕಟ್ಟೆ ಹಂಚಿದ್ದಾರೆ. ಡಾಕ್ಟರದು ಒಂದನೆಯದು. ಅದರ ಕೆಳಗೆ ಬಂಡೆಗಳು, ಬಿದ್ದ ಮರ, ಜೊಂಡು. ಮೀನುಗಳು ಅಲ್ಲಿ ಸಂತೆ ಸೇರಿದಂತೆ ಸೇರುತ್ತವೆ. ನನ್ನದು ಹನ್ನೊಂದನೆಯದು. ಅದರ ಕೆಳಗೆ ಏನೂ ಇಲ್ಲ. ಹೊಸದಾಗಿ ಗಾರೆ ಮಾಡಿದ ನೆಲದಂತೆ ಬೋಳು ತಳ. ಮೀನುಗಳು ಅಲ್ಲಿ ನಿಲ್ಲುವುದಿರಲಿ, ಅದನ್ನು ದಾಟುವಾಗ ವೇಗ ಹೆಚ್ಚಿಸುತ್ತವೆ ಎಂದು ನನ್ನ ಗುಮಾನಿ.

ಎರಡು ವರ್ಷ ಪ್ರತಿ ಭಾನುವಾರ ಅಲ್ಲಿ ಕೂತೆ. ಒಂದು ಮೀನೂ ಇಲ್ಲ. ಹೀಗಿರುವಾಗ ಡಾಕ್ಟರು ಒಂದು ದಿನ ಸಂಘದ ನಿಯಮಾವಳಿ ತೆಗೆದು, ಕನ್ನಡಕ ಏರಿಸಿ, ಏಳನೇ ನಿಯಮ ಓದಿ ಹೇಳಿದರು: ಸತತ ಮೂರು ವರ್ಷ ಪುಸ್ತಕದಲ್ಲಿ ಒಂದಾದರೂ ಮೀನು ಬರೆಸದ ಸದಸ್ಯರ ಸದಸ್ಯತ್ವ ರದ್ದಾಗತಕ್ಕದ್ದು, ಕಟ್ಟೆಯನ್ನು ಸರದಿ ಕಾಯುತ್ತಿರುವವರಿಗೆ ಕೊಡತಕ್ಕದ್ದು. ನನಗೆ ಇದು ಮೂರನೇ ವರ್ಷ.

ನಗಬೇಡಿ. ಆ ಕಟ್ಟೆ ನನಗೆ ಎಷ್ಟು ಮುಖ್ಯ ಎಂಬುದು ನಿಮಗೆ ಗೊತ್ತಿಲ್ಲ. ಕಚೇರಿಯಲ್ಲಿ ನನ್ನ ಮೇಜು ಮಾಲೀಕರದು, ಮನೆಯಲ್ಲಿ ಕುರ್ಚಿ ಬೆಕ್ಕಿನದು. ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದದ ಆ ಕಲ್ಲಿನ ಮೇಲೆ ಕೂತಾಗ ಮಾತ್ರ ಯಾರೂ ನನ್ನನ್ನು ಎಬ್ಬಿಸುವುದಿಲ್ಲ. ಮೀನು ಕೂಡ.

ದಾರಿ ಸಿಕ್ಕಿದ್ದು ಶತ್ರುವಿನ ಕೋಟೆಯಲ್ಲೇ. ಹಲ್ಲುನೋವೆಂದು ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ಸರದಿ ಕಾಯುತ್ತಿದ್ದಾಗ ಅಲ್ಲಿದ್ದ ಒಂದು ಹಳೆಯ ಪತ್ರಿಕೆ ತಿರುವಿ ಹಾಕಿದೆ. ಬೋಳು ತಳದಲ್ಲಿ ಮೀನು ನಿಲ್ಲುವುದಿಲ್ಲ, ಅದಕ್ಕೆ ಮರೆ ಬೇಕು, ನೆರಳು ಬೇಕು, ಸಂದುಗೊಂದು ಬೇಕು ಎಂದು ಯಾರೋ ಬರೆದಿದ್ದರು. ಪೈಪು, ಬಿದಿರು, ಕಲ್ಲು ಮುಳುಗಿಸಿ ಪೊದೆಯಂಥದ್ದನ್ನು ಕಟ್ಟಿದರೆ ಅದರ ಮೇಲೆ ಪಾಚಿ ಬೆಳೆಯುತ್ತದೆ, ಪಾಚಿಗೆ ಹುಳ ಬರುತ್ತವೆ, ಹುಳಕ್ಕೆ ಮರಿಮೀನು ಬರುತ್ತವೆ, ಮರಿಯನ್ನು ಹುಡುಕಿಕೊಂಡು ದೊಡ್ಡವು ಬರುತ್ತವೆ. ಓದುತ್ತ ಓದುತ್ತ ನನ್ನ ಹಲ್ಲುನೋವು ಮಾಯವಾಯಿತು. ಮೀನಿಗೆ ಬೇಕಾದದ್ದು ಮನೆ! ಮನೆಯ ನಕ್ಷೆ ಬರೆಯುವವನು ಯಾರು? ನಾನು! ಇನ್ನು ಮೀನಮೇಷ ಎಣಿಸುವುದೇಕೆ? ಮೇಷವನ್ನು ಬಿಟ್ಟು ನೇರ ಮೀನಕ್ಕೇ ಕೈಹಾಕಿದೆ.

ಒಂದು ವಾರ ಕೂತು ನಕ್ಷೆ ಬರೆದೆ. ಮೇಲಿನಿಂದ ಕಂಡಂತೆ ಒಂದು, ಪಕ್ಕದಿಂದ ಕಂಡಂತೆ ಒಂದು. ಮರಿಗಳಿಗೆ ಸಣ್ಣ ಸಂದಿನ ಕೋಣೆಗಳು, ದೊಡ್ಡವಕ್ಕೆ ವಿಶಾಲವಾದ ಹಜಾರ, ಬಿಸಿಲಿಗೆ ಹಲಗೆಯ ನೆರಳು, ಪ್ರತಿ ಕೋಣೆಗೂ ಎರಡು ದಾರಿ. ತಲೆಬರಹ: ಹನ್ನೊಂದನೇ ಕಟ್ಟೆ ಜಲವಸತಿ ಯೋಜನೆ. ಹೆಂಡತಿ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಅಡುಗೆಮನೆ ಎಲ್ಲಿ?"

"ಅವು ಅಡುಗೆ ಮಾಡಲ್ಲ ಕಣೇ."

"ಹಾಗಿದ್ರೆ ನಂಗೂ ಒಂದು ಕೋಣೆ ಹಾಕಿ" ಎಂದು ಒಳಗೆ ಹೋದಳು.

ಸಂಘದ ಅನುಮತಿ ಬೇಕಿತ್ತು. ಅರ್ಜಿ ಬರೆದು, ನಕ್ಷೆ ಲಗತ್ತಿಸಿ, ಡಾಕ್ಟರ ಮುಂದಿಟ್ಟೆ. ಅವರು ನಕ್ಷೆಯನ್ನು ಎಕ್ಸ್-ರೇ ಹಿಡಿದಂತೆ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕರೆಂಟು ಯಾವಾಗ ಕೊಡಿಸುತ್ತೀರಿ ಎಂದು ವಿಚಾರಿಸಿದರು. ಆಮೇಲೆ ಕೊಳೆತು ನೀರು ಕೆಡಿಸುವಂಥದ್ದೇನೂ ಹಾಕಕೂಡದು ಎಂಬ ಷರತ್ತು ಬರೆದು ರುಜು ಮಾಡಿದರು. ಅಂದಿನಿಂದ ಕೆರೆಯ ದಂಡೆಯಲ್ಲಿ ಎಲ್ಲರ ಬಾಯಲ್ಲೂ ನಾನು 'ಎಂಜಿನಿಯರ್' ಆದೆ. ಆ ಮಾತು ಹೇಳುವಾಗ ಯಾರ ಬಾಯೂ ನೆಟ್ಟಗಿರುತ್ತಿರಲಿಲ್ಲ.

ಸಾಮಾನಿಗೇನೂ ಕೊರತೆಯಿರಲಿಲ್ಲ. ಕಟ್ಟಡದ ಕೆಲಸದಲ್ಲಿ ಉಳಿದ ಪೈಪಿನ ತುಂಡು, ಒಡೆದ ಸಿಮೆಂಟ್ ಇಟ್ಟಿಗೆ, ಸಿಮೆಂಟ್ ಹಲಗೆ, ಹಳೆಯ ಬಿದಿರು. ಮಾಲೀಕರನ್ನು ಕೇಳಿದೆ. ಎಸೆಯುವ ಖರ್ಚು ಉಳಿಯಿತೆಂದು ಅವರೇ ಗಾಡಿ ಕೊಟ್ಟು ಮನೆಗೆ ಕಳಿಸಿದರು. ವಿಧಾನ ಸರಳ: ಖಾಲಿ ಬಣ್ಣದ ಡಬ್ಬಿಗೆ ಸಿಮೆಂಟ್ ಕಲಸಿ ಸುರಿಯುವುದು, ಅದು ಗಟ್ಟಿಯಾಗುವ ಮೊದಲು ಪೈಪುಗಳನ್ನು ಎಲ್ಲ ದಿಕ್ಕಿಗೂ ಚಾಚುವಂತೆ ಚುಚ್ಚಿ ನಿಲ್ಲಿಸುವುದು, ಗಟ್ಟಿಯಾದ ಮೇಲೆ ಡಬ್ಬಿ ತೆಗೆಯುವುದು. ಮುಳ್ಳುಹಂದಿಯಂಥ ಗಿಡ ತಯಾರು. ನಮ್ಮ ಮನೆಯಲ್ಲಿ ಇದಕ್ಕೆ ಜಾಗವಿದ್ದದ್ದು ಬಚ್ಚಲಲ್ಲಿ ಮಾತ್ರ. ಹದಿನೈದು ದಿನ ನಾವಿಬ್ಬರೂ ಏಳು ಮುಳ್ಳುಹಂದಿಗಳ ನಡುವೆ ಸ್ನಾನ ಮಾಡಿದೆವು. ಸೋಪು ಹಚ್ಚಿಕೊಂಡು ತಿರುಗಿದರೆ ಯಾರೋ ಬೆನ್ನಿಗೆ ತಿವಿಯುತ್ತಿದ್ದರು. ನನ್ನ ಹೆಂಡತಿ ಸಹನಾಮೂರ್ತಿ, ಒಂದು ಮಾತೂ ಆಡಲಿಲ್ಲ. ಆದರೆ ಶಾಲೆಯಲ್ಲಿ ಸ್ನಾನ ಮಾಡಿ ಬರತೊಡಗಿದಳು.

ಎಂಟನೆಯದು ಹಜಾರದ ಮಧ್ಯದ ಮಹಾವೃಕ್ಷ. ಅದಕ್ಕೆ ದೊಡ್ಡ ಬುಡ ಬೇಕು, ಡಬ್ಬಿ ಸಾಲದು. ಅಟ್ಟದ ಮೇಲೆ ಕಣ್ಣು ಹೋಯಿತು. ಅಲ್ಲೊಂದು ಭಾರೀ ಸ್ಟೀಲ್ ತಪ್ಪಲೆ ಬೋರಲು ಮಲಗಿತ್ತು. ಅದು ನಮ್ಮದಲ್ಲ, ಡಾಕ್ಟರ ಮನೆಯದು. ಶಾಲೆಯ ಆಟೋಟದ ದಿನ ಮಕ್ಕಳಿಗೆ ನಿಂಬೆ ಶರಬತ್ತು ಕಲಸಲೆಂದು ಹೆಂಡತಿ ಅಕ್ಕನಿಂದ ತಂದದ್ದು, ವಾಪಸು ಕೊಡುವುದು ಬಾಕಿ. ನಾನೇನು ಅದನ್ನು ತಿನ್ನುತ್ತೇನೆಯೇ? ಒಳಗೆ ಚೆನ್ನಾಗಿ ಎಣ್ಣೆ ಸವರಿ ಸಿಮೆಂಟ್ ಹಾಕಿದರೆ, ಗಟ್ಟಿಯಾದ ಮೇಲೆ ಕೇಕಿನ ಹಾಗೆ ಜಾರಿ ಬರುತ್ತದೆ. ಪಾತ್ರೆ ತೊಳೆದು ಮತ್ತೆ ಅಟ್ಟಕ್ಕೆ. ಹೆಂಡತಿ ಶಾಲೆಯ ಮಕ್ಕಳನ್ನು ಈಜಿನ ಪಂದ್ಯಕ್ಕೆ ಕರೆದುಕೊಂಡು ಮೂರು ದಿನ ಬೇರೆ ಊರಿಗೆ ಹೋದದ್ದೂ ಅನುಕೂಲವೇ ಆಯಿತು.

ಎರಡು ದಿನ ಬಿಟ್ಟು ತಪ್ಪಲೆಯನ್ನು ಓರೆ ಮಾಡಿ ತಟ್ಟಿದೆ. ಬರಲಿಲ್ಲ. ಬಿಸಿನೀರು ಹೊಯ್ದೆ. ಬರಲಿಲ್ಲ. ಮಣೆಯ ಮೇಲೆ ಬೋರಲು ಹಾಕಿ ಕುಟ್ಟಿದೆ. ಮಣೆ ಬಂತು, ಎರಡಾಗಿ. ಆಮೇಲೆ ನೆಲದ ಮೇಲೆ ಕೂತು ಆ ಪಾತ್ರೆಯನ್ನು ಮೊದಲ ಸಲ ನಕ್ಷೆಯವನ ಕಣ್ಣಿನಿಂದ ನೋಡಿದೆ. ತಪ್ಪಲೆಗೆ ಹೊಟ್ಟೆ ಅಗಲ, ಕಂಠ ಕಿರಿದು. ಹೊಟ್ಟೆಯಲ್ಲಿ ಗಟ್ಟಿಯಾದದ್ದು ಕಂಠದಿಂದ ಹೊರಗೆ ಬರುವುದಾದರೂ ಹೇಗೆ? ಇಪ್ಪತ್ತೆರಡು ವರ್ಷ ಎಲ್ಲ ವಸ್ತುವಿನ ಒಳ ಆಕಾರವನ್ನೂ ಗೆರೆಯಲ್ಲಿ ತೋರಿಸಿದ ಮಹಾಶಯನಿಗೆ ಇದು ಹೊಳೆದಿರಲಿಲ್ಲ. ಸುತ್ತಿಗೆ ತಂದು ನಾಲ್ಕೇಟು ಹಾಕಿದೆ. ತಪ್ಪಲೆ ನಾಲ್ಕು ಕಡೆ ನೆಗ್ಗಿತು. ಸಿಮೆಂಟ್ ಜಗ್ಗಲಿಲ್ಲ. ನಾನು ಕಲಸಿದ ಸಿಮೆಂಟ್ ಅಷ್ಟು ಗಟ್ಟಿಯೆಂದು ಗೊತ್ತಾದದ್ದೇ ಆ ದಿನ. ಸಂತೋಷಪಡುವ ಸ್ಥಿತಿಯಲ್ಲಿ ಇರಲಿಲ್ಲ.

ಉಳಿದದ್ದು ಒಂದೇ ದಾರಿ, ಸಾಕ್ಷ್ಯನಾಶ. ತಪ್ಪಲೆ ಸಮೇತ ಮಹಾವೃಕ್ಷವನ್ನು ಮುಳುಗಿಸುವುದು. ಸ್ಟೀಲು ಕೊಳೆಯುವುದಿಲ್ಲವಾದ್ದರಿಂದ ಡಾಕ್ಟರ ಷರತ್ತನ್ನೂ ಅಕ್ಷರಶಃ ಪಾಲಿಸಿದಂತಾಯಿತು.

ಕೆರೆಯಲ್ಲಿ ಬಾಡಿಗೆಗೆ ದೋಣಿ ನಡೆಸುವ ಮುದುಕರೊಬ್ಬರಿದ್ದಾರೆ. ಅವರು ದೋಣಿಯೊಂದಿಗೆ ಮಾತಾಡುತ್ತಾರೆಯೇ ಹೊರತು ಜನರೊಂದಿಗೆ ಅಲ್ಲ. ನನ್ನ ಸಾಮಾನು ಕಂಡು ಅವರು ದೋಣಿಗೆ, ಇವತ್ತು ನಿನ್ನ ಗ್ರಹಚಾರ ನೆಟ್ಟಗಿಲ್ಲ ಕಣಮ್ಮಾ ಎಂದು ಸಮಾಧಾನ ಹೇಳಿದರು. ಏಳು ಗಿಡಗಳನ್ನು ಹಗ್ಗ ಕಟ್ಟಿ ನಕ್ಷೆಯ ಪ್ರಕಾರ ಇಳಿಸಿದೆವು. ಇಟ್ಟಿಗೆ ಇಳಿಸಿದೆವು, ಬಿದಿರು, ಹಲಗೆ ಇಳಿಸಿದೆವು. ಕೊನೆಗೆ ಮಹಾವೃಕ್ಷ. ಇಬ್ಬರೂ ಸೇರಿ ಎತ್ತಿ ದೋಣಿಯ ಅಂಚಿಗೆ ತಂದದ್ದೇ ದೋಣಿ ಒಂದು ಪಕ್ಕಕ್ಕೆ ವಾಲಿತು. ತಪ್ಪಲೆ ಗುಳುಂ ಎಂದಿತು. ಅದರ ಹಿಂದೆಯೇ ನಾನು. ಮುದುಕರು ನನ್ನ ಕಾಲರು ಹಿಡಿದುಕೊಂಡದ್ದರಿಂದ ಸೊಂಟದವರೆಗೆ ಮಾತ್ರ ಯೋಜನೆಯಲ್ಲಿ ಪಾಲ್ಗೊಂಡೆ. ಮುಳುಗಿದರೆ ಮಾತ್ರ ಯಶಸ್ವಿಯಾಗುವ ಯೋಜನೆ ಲೋಕದಲ್ಲಿ ಇದೊಂದೇ ಇರಬೇಕು. ಅದಕ್ಕಾಗಿ ಯೋಜಕನೂ ಮುಳುಗಬೇಕೆಂದೇನಿಲ್ಲವಲ್ಲ!

ಪಂದ್ಯ ಮುಗಿಸಿ ಬಂದ ಹೆಂಡತಿ ತಪ್ಪಲೆ ಎಲ್ಲಿ ಎಂದು ಕೇಳಿದಳು. ಕಚೇರಿಯಲ್ಲಿ ಯಾರಿಗೋ ಬೇಕಾಗಿತ್ತು, ಕೊಟ್ಟಿದ್ದೇನೆ ಎಂದೆ. ಅವಳು 'ಹ್ಞೂಂ' ಎಂದಳು. ಓಟದಲ್ಲಿ ಅಡ್ಡದಾರಿ ಹಿಡಿದ ಹುಡುಗನನ್ನು ನೋಡುವ ದೃಷ್ಟಿಯಿಂದ ಒಮ್ಮೆ ನೋಡಿ ಒಳಗೆ ಹೋದಳು.

ಎರಡು ತಿಂಗಳು ಕಾದೆ. ಪಾಚಿ ಬೆಳೆಯಲಿ, ಹುಳ ಬರಲಿ, ಮೀನಿನ ಗೃಹಪ್ರವೇಶ ಸಾಂಗವಾಗಲಿ. ಮೂರನೇ ತಿಂಗಳ ಮೊದಲ ಭಾನುವಾರ ಗಾಳ ಬಿಟ್ಟೆ. ಬಿಟ್ಟ ಅರ್ಧ ನಿಮಿಷಕ್ಕೆ ಜಗ್ಗಿತು! ಕಟ್ಟೆಯ ಮೇಲೆ ಎದ್ದು ನಿಂತೆ. ಎಳೆದೆ. ಅದು ಬಿಡಲೊಲ್ಲದು. ಎಂಥ ಮೀನಿರಬೇಕು! ಅಕ್ಕಪಕ್ಕದ ಕಟ್ಟೆಯವರು ಓಡಿ ಬಂದರು. ಡಾಕ್ಟರು ತಕ್ಕಡಿ ಹಿಡಿದುಕೊಂಡೇ ಬಂದರು. ಕಾಲು ಗಂಟೆ ಹೋರಾಡಿದೆ. ದಾರ ತುಂಡಾಯಿತು. ದಾರ ಹಿಡಿದು ಪರೀಕ್ಷಿಸಿದ ಡಾಕ್ಟರು, ಎದುರಾಳಿ ಪ್ಲಾಸ್ಟಿಕ್ ಪೈಪು ಎಂದು ತೀರ್ಪು ಕೊಟ್ಟರು.

ಮುಂದಿನ ಭಾನುವಾರ ಬಿದಿರು. ಅದರ ಮುಂದಿನ ಭಾನುವಾರ ಎರಡು ಸಲ ಇಟ್ಟಿಗೆ. ಎಲ್ಲಿ ಬಿಟ್ಟರೂ ಗಾಳ ಹೋಗಿ ನನ್ನದೇ ಗೋಡೆಗೆ, ನನ್ನದೇ ಕಂಬಕ್ಕೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮೀನಿಗೆ ಪ್ರತಿ ಕೋಣೆಗೂ ಎರಡೆರಡು ದಾರಿ ಇಟ್ಟವನು ನನ್ನ ಗಾಳಕ್ಕೆ ಒಂದೂ ಇಟ್ಟಿರಲಿಲ್ಲ. ಗಾಳದ ಅಂಗಡಿಯವನು, ಸಾರ್ ನೀವಿದನ್ನು ಊಟಕ್ಕೆ ಬಳಸುತ್ತೀರಾ ಎಂದು ವಿನಯದಿಂದ ಕೇಳಿದ. ಮೀನುಗಳಿಗೆ ನೀರು ಕುಡಿಸಲು ಹೊರಟವನಿಗೆ ಅವೇ ನೀರು ಕುಡಿಸಿದ್ದವು.

"ಎಂಜಿನಿಯರ್ರೇ, ಕೋಟೆ ಭದ್ರವಾಗಿದೆ" ಎಂದರು ಡಾಕ್ಟರು. "ಒಳಗೆ ರಾಜ ಇದಾನೋ ಇಲ್ವೋ, ಅದೊಂದು ಗೊತ್ತಾಗ್ಬೇಕು."

ಅದೇ ನನ್ನನ್ನು ಕೊರೆಯುತ್ತಿದ್ದದ್ದು. ಮೀನು ಸಿಗದಿದ್ದರೆ ಹೋಗಲಿ, ಅಲ್ಲಿ ಒಂದಾದರೂ ಬಂದಿದೆಯೇ? ಒಂದಾದರೂ ಮರಿ ನನ್ನ ಕೋಣೆಯಲ್ಲಿ ಮಲಗಿದೆಯೇ? ಕಟ್ಟೆಯಿಂದ ಬಗ್ಗಿ ನೋಡಿದರೆ ಕಾಣುತ್ತಿದ್ದದ್ದು ನನ್ನದೇ ಮುಖ, ಅದೂ ಅಲ್ಲಾಡುತ್ತ.

ವರ್ಷ ಮುಗಿಯಲು ಎರಡು ವಾರವಿರುವಾಗ ಅತ್ತಿಗೆಯ ಫೋನು ಬಂತು. ಅತ್ತಿಗೆ ಎಂದರೆ ಹೆಂಡತಿಯ ಅಕ್ಕ, ಡಾಕ್ಟರ ಮನೆಯವರು. ಮನೆಗೆ ನೆಂಟರು ಬರುತ್ತಾರಂತೆ, ತಪ್ಪಲೆ ಬೇಕಂತೆ. ಹೆಂಡತಿ ಆಗ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಫೋನಿಟ್ಟು, ನನ್ನ ಕಡೆ ತಿರುಗದೆ, ಪಾತ್ರೆ ಎಲ್ಲಿದೆ ಎಂದು ಕೇಳಿದಳು. ಭದ್ರವಾಗಿದೆ ಎಂದೆ.

"ಎಲ್ಲಿ?"

"ಕೆರೆಯಲ್ಲಿ."

"ಕೆರೆ ಹತ್ರ ಯಾರ ಮನೇಲಿ?"

"ಹತ್ರ ಅಲ್ಲ. ಒಳಗೆ. ನಾಲ್ಕು ಮೀಟರ್ ಕೆಳಗೆ. ಸಿಮೆಂಟ್ ಇದೆ ಅದರಲ್ಲಿ."

ಇಸ್ತ್ರಿಪೆಟ್ಟಿಗೆ ಒಂದೇ ಕಡೆ ನಿಂತಿತು. ಸುಟ್ಟ ವಾಸನೆ ಬಂತು. ಅವಳು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ನಾನು ಸುಳ್ಳು ಹೇಳಿದ ದಿನ ಯಾವುದೆಂದು ಮಾತ್ರ ಕೇಳಿದಳು. ಹೇಳಿದೆ. ಎಂಟು ತಿಂಗಳು, ದಿನಾ ನನ್ನ ಎದುರಿಗೇ ಊಟಕ್ಕೆ ಕೂತಿದ್ದೀರಿ ಎಂದಳು. ಆ ಮಾತು ನಾನು ಕಳೆದುಕೊಂಡ ಗಾಳಗಳೆಲ್ಲ ಒಟ್ಟಿಗೆ ಚುಚ್ಚಿದಂತೆ ಚುಚ್ಚಿತು. ಇದನ್ನು ನಗಿಸಲು ಹೇಳುತ್ತಿಲ್ಲ.

ಶನಿವಾರ ಬೆಳಿಗ್ಗೆ ಬೆಳಕು ಹರಿಯುತ್ತಲೇ ದೋಣಿಯಲ್ಲಿ ಮೂವರಿದ್ದೆವು: ದೋಣಿಯ ಮುದುಕರು, ಈಜಿನ ಉಡುಪಿನಲ್ಲಿ ಹೆಂಡತಿ, ಹಗ್ಗ ಹಿಡಿದುಕೊಂಡು ನಾನು. ತಾನೇ ಮುಳುಗಿ ಹಗ್ಗ ಕಟ್ಟುವುದಾಗಿಯೂ, ನಾವಿಬ್ಬರೂ ಎಳೆಯತಕ್ಕದ್ದೆಂದೂ ಅವಳ ಅಪ್ಪಣೆ. ಬೇರೆ ಮಾತಿಲ್ಲ. ಕನ್ನಡಕದಂಥದ್ದನ್ನು ಕಣ್ಣಿಗೆ ಬಿಗಿದು, ಉಸಿರೆಳೆದು, ಒಂದು ಹನಿಯನ್ನೂ ಚೆಲ್ಲದೆ ನೀರಿಗಿಳಿದಳು.

ನಾನು ಎಣಿಸತೊಡಗಿದೆ. ಹತ್ತು. ಇಪ್ಪತ್ತು. ಮೂವತ್ತಕ್ಕೆ ತಪ್ಪಲೆಯ ನೆನಪು ಹೋಯಿತು. ನಲವತ್ತಕ್ಕೆ ಕೆಳಗಿರುವ ಪೈಪುಗಳೆಲ್ಲ ನೆನಪಾದವು, ಅವನ್ನು ಎಷ್ಟು ಒತ್ತೊತ್ತಾಗಿ, ಎಂಥ ಜಾಣತನದಿಂದ ಚುಚ್ಚಿ ನಿಲ್ಲಿಸಿದ್ದೆ ಎಂಬುದೂ. ಗಾಳಗಳು ಅಲ್ಲಿಂದ ಬಿಡಿಸಿಕೊಂಡು ಬಂದದ್ದಿಲ್ಲ. ಐವತ್ತಕ್ಕೆ ನಾನು ಚಪ್ಪಲಿ ಬಿಚ್ಚಿದೆ. ಈಜು ಬಾರದವನು ಚಪ್ಪಲಿ ಬಿಚ್ಚಿ ಏನು ಮಾಡುತ್ತಿದ್ದನೋ ತಿಳಿಯದು. ಮುದುಕರು ದೋಣಿಗೆ ಏನೂ ಹೇಳದೆ ನನ್ನ ತೋಳು ಹಿಡಿದುಕೊಂಡರು.

ಅವಳ ತಲೆ ದೋಣಿಯ ಆಚೆ ಬದಿಯಲ್ಲಿ ಎದ್ದಿತು. ಕಣ್ಣಿನ ಕನ್ನಡಕ ಹಣೆಗೇರಿಸಿ ಉಸಿರಾಡಿದಳು. ಎಂಟು ತಿಂಗಳ ಸುಳ್ಳು, ನಾಲ್ಕು ದಿನದ ಮೌನ, ಯಾವುದೂ ಆ ಮುಖದಲ್ಲಿ ಇರಲಿಲ್ಲ.

"ರೀ" ಎಂದಳು. "ಕೆಳಗೆ ಒಂದು ಊರೇ ಇದೆ ರೀ."

ಮತ್ತೆ ಮುಳುಗಿದಳು. ಮತ್ತೆ ಬಂದಳು. ದೋಣಿಯ ಅಂಚು ಹಿಡಿದುಕೊಂಡು ಸಣ್ಣ ಹುಡುಗಿಯಂತೆ ವರದಿ ಕೊಟ್ಟಳು. ಪೈಪುಗಳೆಲ್ಲ ಹಸಿರು ಉಣ್ಣೆ ಸುತ್ತಿದಂತಾಗಿವೆಯಂತೆ. ಇಟ್ಟಿಗೆಯ ತೂತು ತೂತಿನಲ್ಲೂ ಮರಿಗಳಂತೆ, ಅವಳ ಕೈ ಕಂಡು ಒಳಗೆ ಹೋಗಿ ಮತ್ತೆ ಇಣುಕುತ್ತವಂತೆ. ಹಲಗೆಯ ನೆರಳಲ್ಲಿ ಮೊಳಕೈ ಉದ್ದದವು ಸಾಲಾಗಿ, ಬ್ಯಾಂಕಿನ ಸರದಿಯಲ್ಲಿ ನಿಂತಂತೆ ಅಲುಗಾಡದೆ ನಿಂತಿವೆಯಂತೆ. ನಾನು ನಕ್ಷೆ ಬಿಡಿಸಿ ಹಿಡಿದು ಒಂದೊಂದೇ ಕೋಣೆ ತೋರಿಸುತ್ತ ಕೇಳಿದೆ. ಅವಳು ಮುಳುಗಿ ನೋಡಿ ಬಂದು ಉತ್ತರ ಹೇಳಿದಳು. ಮರಿಗಳ ಕೋಣೆ ಎಂದು ನಾನು ಬರೆದಲ್ಲಿ ಮರಿಗಳೇ ಇದ್ದವು. ನನ್ನ ಕಣ್ಣಿಗೆ ಏನೋ ಬಿತ್ತು. ಕೆರೆಯ ಗಾಳಿ, ನಿಮಗೆ ಗೊತ್ತಲ್ಲ.

ತಪ್ಪಲೆಗೆ ಹಗ್ಗ ಕಟ್ಟಿದೆಯಾ ಎಂದು ಕೊನೆಗೆ ನೆನಪಿಸಿದೆ.

"ಅದರ ಬುಡದಲ್ಲೊಂದು ಇದೆ, ಎಲ್ಲಕ್ಕಿಂತ ದೊಡ್ಡದು" ಎಂದಳು. "ಸಂಸಾರ ಮಾಡ್ತಿರೋ ಮನೆ ರೀ. ಹ್ಯಾಗೆ ಕೀಳೋದು?"

ಹಗ್ಗವನ್ನು ಹಾಗೆಯೇ ಸುತ್ತಿಟ್ಟು ವಾಪಸು ಬಂದೆವು. ಅಕ್ಕನಿಗೆ ಅವಳೇ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ನಾನು ಪಕ್ಕದಲ್ಲಿ ಶಿಕ್ಷೆ ಕೇಳಲು ನಿಂತಿದ್ದೆ. ಆ ಕಡೆಯಿಂದ ಬಹಳ ಹೊತ್ತು ನಗು ಕೇಳಿಸಿತು. ಆ ತಪ್ಪಲೆ ಅತ್ತಿಗೆಗೆ ಅವರ ಅತ್ತೆ ಕೊಟ್ಟದ್ದಂತೆ. ಇಪ್ಪತ್ತು ವರ್ಷದಿಂದ ಅದನ್ನು ಎಲ್ಲಿ ಮುಳುಗಿಸಲಿ ಎಂದು ಅವರೂ ಯೋಚಿಸುತ್ತಿದ್ದರಂತೆ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಗೆದ್ದವನಾಗಿರುತ್ತಿದ್ದೆ. ಆದರೆ ಸೋಮವಾರ ಹೆಂಡತಿ ಶಿಕ್ಷಕರ ಕೊಠಡಿಯಲ್ಲಿ ತಾನು ಕಂಡದ್ದನ್ನು ಬಣ್ಣಿಸಿದಳು. ಅಲ್ಲಿ ಜೀವಶಾಸ್ತ್ರದ ಮೇಷ್ಟ್ರಿದ್ದರು. ಮರುದಿನವೇ ಅವರು ನೀರೊಳಗೆ ಹಿಡಿಯುವ ಕ್ಯಾಮೆರಾ ತಂದು ಅವಳೊಂದಿಗೆ ಮುಳುಗಿ ಅರವತ್ತು ಫೋಟೋ ತೆಗೆದರು. ಇದನ್ನು ಮೀನುಗಾರಿಕೆ ಇಲಾಖೆಗೆ ಕಳಿಸಬೇಕು ಎಂದರು. ಅಗತ್ಯವಾಗಿ ಕಳಿಸಿ ಎಂದೆ! ನನ್ನ ನಕ್ಷೆಯ ಒಂದು ಪ್ರತಿಯನ್ನೂ ಲಗತ್ತಿಸಿ ಎಂದು ನಾನೇ ಕೊಟ್ಟೆ, ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆದು.

ವರ್ಷದ ಕೊನೆಯ ಭಾನುವಾರ ಬಂತು. ನನ್ನ ಕೊನೆಯ ಅವಕಾಶ. ಹೆಂಡತಿಯೂ ಜೊತೆಗೆ ಬಂದು ಕಟ್ಟೆಯ ಮೇಲೆ ಕೂತಳು. ಎಡಬದಿಯಲ್ಲಿ ಎರಡು ಗಿಡಗಳ ನಡುವೆ ಒಂದು ಮಾರು ಬರಿದು ಜಾಗವಿದೆಯೆಂದೂ, ಸಾಲಿನಲ್ಲಿ ನಿಂತವು ಆಗಾಗ ಅಲ್ಲಿಂದ ಹೊರಗೆ ಬರುತ್ತವೆಂದೂ ಕೈ ತೋರಿಸಿ ಹೇಳಿದಳು. ಅಲ್ಲಿ ಬಿಟ್ಟೆ. ಮೊದಲ ಸಲ ಗಾಳ ಯಾವುದಕ್ಕೂ ಸಿಕ್ಕದೆ ಸುಮ್ಮನೆ ನಿಂತಿತು. ಒಂದು ಗಂಟೆ, ಎರಡು ಗಂಟೆ. ಆಮೇಲೆ ಕೋಲಿನ ತುದಿ ಬಗ್ಗಿತು.

ಪೈಪು ಹೀಗೆ ಓಡುವುದಿಲ್ಲ. ಇಟ್ಟಿಗೆ ಎಡಕ್ಕೂ ಬಲಕ್ಕೂ ತಿರುಗುವುದಿಲ್ಲ. ಹೆಂಡತಿ ಎದ್ದು ನಿಂತು, ಸಡಿಲ ಬಿಡಿ, ಈಗ ಎಳೀರಿ, ಮನೆ ಕಡೆ ಹೋಗೋಕೆ ಬಿಡ್ಬೇಡಿ ಎಂದು ಓಟದ ಮೈದಾನದಲ್ಲಿ ಹೇಳಿದಂತೆ ಹೇಳುತ್ತ ಹೋದಳು. ಹತ್ತು ನಿಮಿಷಕ್ಕೆ ಅದು ನನ್ನ ಕೈಯಲ್ಲಿತ್ತು. ಬೆಳ್ಳಿಯ ಹೊಟ್ಟೆ, ಹಸಿರು ಬೆನ್ನು, ಎರಡು ಕಿಲೋಗೆ ಏನೂ ಮೋಸವಿಲ್ಲ. ಜೀವಮಾನದ ಮೊದಲ ಮೀನು! ಕೆರೆಯ ಆಚೆ ದಡಕ್ಕೆ ಕೇಳುವಂತೆ ಡಾಕ್ಟರನ್ನು ಕೂಗಿದೆ. ಒಂದನೇ ಕಟ್ಟೆಯಿಂದ ಅವರು ಪುಸ್ತಕ, ತಕ್ಕಡಿ ಎತ್ತಿಕೊಂಡು ಅರ್ಧ ಕೆರೆ ಸುತ್ತಿ ಓಡಿ ಬರತೊಡಗಿದರು.

ಅವರಿಗಿಂತ ಮೊದಲು ಜೀಪು ಬಂತು. ಅದರಿಂದ ಇಲಾಖೆಯ ಅಧಿಕಾರಿಯೊಬ್ಬರು, ಜೀವಶಾಸ್ತ್ರದ ಮೇಷ್ಟ್ರು, ಕ್ಯಾಮೆರಾ ಹಿಡಿದ ಪತ್ರಿಕೆಯವರೊಬ್ಬರು ಇಳಿದರು, ಕೊನೆಯದಾಗಿ ಒಂದು ದೊಡ್ಡ ಫಲಕ ಇಳಿಯಿತು. ಹನ್ನೊಂದನೇ ಕಟ್ಟೆಯ ಸುತ್ತ ಐವತ್ತು ಮೀಟರ್ ಮೀನುಗಳ ಸಂರಕ್ಷಿತ ತಾಣ, ಇಲ್ಲಿ ಗಾಳ ಹಾಕಕೂಡದು, ಆಜ್ಞೆ ಇಂದಿನಿಂದ ಜಾರಿ. ಅಧಿಕಾರಿ ನನ್ನ ಕೈಯಲ್ಲಿದ್ದುದನ್ನು ನೋಡಿದರು. ಅದು ಬಾಯಿ ಬಿಡುತ್ತಿತ್ತು. ನಾನೂ.

ಒಂದು ನಿಮಿಷ ತೂಗಿಬಿಡುತ್ತೇನೆ, ತಕ್ಕಡಿ ಓಡಿ ಬರುತ್ತಿದೆ ಎಂದು ಬೇಡಿಕೊಂಡೆ. ನೀರಿನ ಹೊರಗೆ ಅದಕ್ಕೆ ಒಂದು ನಿಮಿಷ ಬಹಳ ಎಂದರು. ಸಭ್ಯ ಮನುಷ್ಯ. ಹೊಸ ಆಜ್ಞೆ ಎಂದು ಈ ಸಲ ದಂಡ ಹಾಕುವುದಿಲ್ಲ ಎಂದೂ ಹೇಳಿ, ಕೈಯಲ್ಲಿದ್ದ ಕಾಗದ ನೋಡಿ, ಈ ತಾಣವನ್ನು ಕಟ್ಟಿದ ಮಹನೀಯರನ್ನು ಗೌರವಿಸಲು ಬಂದಿದ್ದೇವೆ, ಅವರು ಎಲ್ಲಿ ಸಿಗುತ್ತಾರೆ ಎಂದು ವಿಚಾರಿಸಿದರು.

ಹೆಂಡತಿ ಬೆರಳು ತೋರಿಸಿದಳು.

"ಇವ್ರೇ."

ಅಧಿಕಾರಿ ನನ್ನನ್ನೂ ಮೀನನ್ನೂ ಸರದಿಯಂತೆ ನೋಡಿದರು. ಪತ್ರಿಕೆಯವರು ಕ್ಯಾಮೆರಾ ಎತ್ತಿದರು. ನಾನು ಮಂಡಿಯೂರಿ ಮೀನನ್ನು ನೀರಿಗೆ ಬಿಟ್ಟೆ. ಅದು ಒಂದು ಗಳಿಗೆ ನನ್ನ ಅಂಗೈಯಲ್ಲೇ ನಿಂತು, ಬಾಲ ಬೀಸಿ, ಎಡಬದಿಯ ಆ ಬಾಗಿಲಿನಿಂದ ಒಳಗೆ ಹೋಯಿತು.

ಡಾಕ್ಟರು ಏದುಸಿರು ಬಿಡುತ್ತ ಬಂದು ತಲುಪಿದಾಗ ನೀರಿನ ಮೇಲೆ ಒಂದೆರಡು ಉಂಗುರ ಉಳಿದಿತ್ತು. ಅವರು ಪುಸ್ತಕ ಬಿಡಿಸಿ ಪೆನ್ನು ತೆಗೆದರು. "ದೂರದಿಂದ ಕಣ್ಣಾರೆ ನೋಡಿದೆ ಎಂಜಿನಿಯರ್ರೇ" ಎಂದರು. ಈ ಸಲ ಅವರ ಬಾಯಿ ನೆಟ್ಟಗೇ ಇತ್ತು. "ಆದ್ರೆ ತೂಕದ ಕಡೆ ಏನಂತ ಬರೀಲಿ?" ಏನೂ ಬರೆಯುವಂತಿರಲಿಲ್ಲ. ಏಳನೇ ನಿಯಮದಂತೆ ನನ್ನ ಸದಸ್ಯತ್ವ ರದ್ದಾಯಿತು. ಕಟ್ಟೆಯನ್ನು ಸರದಿ ಕಾಯುತ್ತಿದ್ದವರಿಗೆ ಕೊಡುವ ಪ್ರಶ್ನೆ ಬರಲಿಲ್ಲ, ಅಲ್ಲಿ ಈಗ ಫಲಕ ನಿಂತಿತ್ತು. ನನಗೆ ಸಂಬಳವಿಲ್ಲದ ಉಸ್ತುವಾರಿಯ ಪತ್ರ ಸಿಕ್ಕಿತು. ಪ್ರತಿ ಭಾನುವಾರ ಬಂದು ಯಾರೂ ಅಲ್ಲಿ ಮೀನು ಹಿಡಿಯದಂತೆ ನೋಡಿಕೊಳ್ಳಬೇಕು. ಇದರಲ್ಲಿ ನಿಮಗೆ ಮೂರು ವರ್ಷದ ಅನುಭವ ಇದ್ದೇ ಇದೆ ಎಂದಳು ಹೆಂಡತಿ.

ಮರುದಿನ ಪತ್ರಿಕೆಯಲ್ಲಿ ಮೂರು ಅಂಕಣದಗಲ ಫೋಟೋ. ಮಂಡಿಯೂರಿದ ನಾನು, ಅಂಗೈಯಲ್ಲಿ ಮೀನು. 'ಮೀನುಗಳಿಗೆ ಸೂರು ಕಟ್ಟಿದ ಸಹೃದಯಿ' ಎಂದು ಅಡಿಬರಹ. ಅದನ್ನು ಮಡಚಿ ಜೇಬಿನಲ್ಲಿ ಕಾಣುವಂತೆ ಇಟ್ಟುಕೊಂಡು, ಕಮಾನಾಗಿದ್ದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿಕೊಂಡು ಕಚೇರಿಗೆ ಹೋದೆ. ಮಾಲೀಕರು ಆಗಲೇ ಪತ್ರಿಕೆ ಮೇಜಿನ ಮೇಲೆ ಹರಡಿಕೊಂಡಿದ್ದರು. ಕೂರಲು ಹೇಳಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ! ಕೂತೆ. ಒಂದು ಶಹಭಾಸ್, ಸಾಧ್ಯವಾದರೆ ಬಡ್ತಿ, ಎರಡಕ್ಕೂ ಮುಖವನ್ನು ಸಿದ್ಧಪಡಿಸಿಕೊಂಡೆ.

ಅವರು ಫೋಟೋದಿಂದ ತಲೆಯೆತ್ತಿ ನನ್ನನ್ನು ನೋಡಿ ಮನಸಾರೆ ನಕ್ಕರು.

"ಇಷ್ಟು ವರ್ಷದಿಂದ ನೋಡ್ತಿದೀನಿ ಕಣಯ್ಯಾ. ನೀನು ನಕ್ಷೆ ಬರೆದ ಮನೆಗೆಲ್ಲ ಒಂದೇ ದೂರು, ಒಳಗೆ ನೀರು ಬರುತ್ತೆ ಅಂತ. ಕೊನೆಗೂ ಅದೇ ಬೇಕು ಅನ್ನೋ ಗಿರಾಕಿಗಳು ಸಿಕ್ಕಿದ್ರಲ್ಲ ನಿಂಗೆ."